ರಾಶಿಯ ಲೆಕ್ಕದಲ್ಲಿ ಮೂರನೇ ಒಂದು ಪಾಲು ಯಾಕೆ?

ಪ್ರಶ್ನೆ: ಸರ್, ನಾವು ಜಗಳೂರು ಕಡೆಯ ರೈತರು. ಮೆಕ್ಕೆಜೋಳ ಬಿಡಿಸಿ ಕಣದಲ್ಲಿ ರಾಶಿ ಹಾಕಿದ್ದೇವೆ. ದಾವಣಗೆರೆಗೆ ಸಾಗಿಸುವ ಮೊದಲು ಎಷ್ಟು ಕ್ವಿಂಟಾಲ್ ಆಗಬಹುದು ಅಂತ ಅಂದಾಜು ಬೇಕಿತ್ತು. ರಾಶಿಯ ಸುತ್ತಳತೆ 44 ಅಡಿ, ನಡುವೆ ಎತ್ತರ 3 ಅಡಿ. ಹತ್ತನೇ ಕ್ಲಾಸಿನಲ್ಲಿರುವ ಮಗಳು ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿ ಮೂರರಿಂದ ಭಾಗಿಸಬೇಕು ಅನ್ನುತ್ತಾಳೆ. ತ್ರಿಕೋನಕ್ಕೆ ಅರ್ಧ ಅಲ್ವಾ, ರಾಶಿಗೂ ಅರ್ಧವೇ ಬರಬೇಕು ಅನ್ನೋದು ನನ್ನ ವಾದ. ಮೂರು ಎಲ್ಲಿಂದ ಬಂತು ಅಂದರೆ ಪುಸ್ತಕದಲ್ಲಿ ಹಾಗೇ ಇದೆ ಅನ್ನುತ್ತಾಳೆ. ಇನ್ನೊಂದು ವಿಷಯ. ಹೊಲದಲ್ಲಿ ಕೃಷಿ ಹೊಂಡ ತೋಡಿಸಿದೆವು. ಮೇಲೆ 12 ಮೀಟರ್ ಚೌಕ, ತಳದಲ್ಲಿ 6 ಮೀಟರ್ ಚೌಕ, ಆಳ 3 ಮೀಟರ್. ತೋಡಿದವರು 270 ಘನ ಮೀಟರ್ ಮಣ್ಣು ಅಂತ ಲೆಕ್ಕ ಕೊಟ್ಟರು. ಮಗಳಿಗೆ 243 ಬಂತು. ಯಾವುದು ಸರಿ?

ಉತ್ತರ: ರಾಶಿಯ ವಿಷಯದಲ್ಲಿ ನಿಮ್ಮ ಮಗಳು ಹೇಳಿದ್ದೇ ಸರಿ. ಹೊಂಡದ ವಿಷಯದಲ್ಲಿ ಇಬ್ಬರ ಲೆಕ್ಕವೂ ಸರಿ ಇಲ್ಲ, ಅಲ್ಲಿ ಬರಬೇಕಾದ್ದು 252 ಘನ ಮೀಟರ್. ಎರಡು ಪ್ರಶ್ನೆಗೂ ಕಾರಣ ಒಂದೇ. ಅದನ್ನು ಹಿಡಿದರೆ ಸೂತ್ರ ಬಾಯಿಪಾಠ ಮಾಡುವ ಕೆಲಸವೇ ಇರುವುದಿಲ್ಲ.

ಮೊದಲು ರಾಶಿ. ಸುತ್ತಳತೆ 44 ಅಡಿ ಎಂದರೆ ತ್ರಿಜ್ಯ 7 ಅಡಿ. ಪಾದದ ವಿಸ್ತೀರ್ಣ 154 ಚದರ ಅಡಿ. ಅದನ್ನು 3 ಅಡಿ ಎತ್ತರದಿಂದ ಗುಣಿಸಿದರೆ 462, ಮೂರರಿಂದ ಭಾಗಿಸಿದರೆ ಮತ್ತೆ 154 ಘನ ಅಡಿ. ಚೆನ್ನಾಗಿ ಒಣಗಿದ, ಕಸಕಡ್ಡಿ ಇಲ್ಲದ ಮೆಕ್ಕೆಜೋಳ ಒಂದು ಘನ ಅಡಿಗೆ ಸುಮಾರು 20 ಕೆಜಿ ತೂಗುತ್ತದೆ. ಅಂದರೆ ಐದು ಘನ ಅಡಿಗೆ ಒಂದು ಕ್ವಿಂಟಾಲ್. ನಿಮ್ಮ ರಾಶಿಯಲ್ಲಿ ಸುಮಾರು 31 ಕ್ವಿಂಟಾಲ್ ಇದೆ. ಅರ್ಧ ಅಂತ ಹಿಡಿದಿದ್ದರೆ 231 ಘನ ಅಡಿ, 46 ಕ್ವಿಂಟಾಲ್ ಅಂದುಕೊಳ್ಳುತ್ತಿದ್ದಿರಿ. ಇಲ್ಲದ 15 ಕ್ವಿಂಟಾಲ್ ನಂಬಿಕೊಂಡು ಲಾರಿ ಮಾತಾಡಿದರೆ ಬಾಡಿಗೆ ದಂಡ.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ಅದು ತಿಳಿಯದೆ ಆಡಿದ ಮಾತಲ್ಲ. ಕ್ರಿ.ಶ. 499ರಲ್ಲಿ ಆರ್ಯಭಟರು ಕೂಡ ತ್ರಿಕೋನ ಪಾದದ ಗೋಪುರಾಕೃತಿಗೆ ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧವನ್ನೇ ಹೇಳಿದ್ದರು. ಮೂರನೇ ಒಂದು ಎನ್ನುವ ಸರಿಯಾದ ನಿಯಮ 628ರಲ್ಲಿ ಬ್ರಹ್ಮಗುಪ್ತರ ಗ್ರಂಥದಲ್ಲಿ ಸಿಗುತ್ತದೆ. ತ್ರಿಕೋನ ನೋಡಿದ ಕಣ್ಣಿಗೆ ಅರ್ಧ ಅನ್ನಿಸುವುದು ಸಹಜ.

ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಅರ್ಧ ಎತ್ತರದಲ್ಲಿ ಏನಾಗುತ್ತದೆ? ತ್ರಿಕೋನದಲ್ಲಿ ಅರ್ಧ ಎತ್ತರಕ್ಕೆ ಹೋದರೆ ಅಗಲ ಅರ್ಧವಾಗುತ್ತದೆ, ಅಷ್ಟೇ. ರಾಶಿಯಲ್ಲಿ ಉದ್ದವೂ ಅರ್ಧ, ಅಗಲವೂ ಅರ್ಧ. ಎರಡೂ ಕಡೆಯಿಂದ ಕುಗ್ಗುತ್ತದೆ. ಹಾಗಾಗಿ ಅಲ್ಲಿನ ವಿಸ್ತೀರ್ಣ ಅರ್ಧ ಅಲ್ಲ, ಕಾಲು ಭಾಗ. ನಿಮ್ಮ ರಾಶಿಯ ಬುಡದಲ್ಲಿ 154 ಚದರ ಅಡಿ ಇದ್ದರೆ ಒಂದೂವರೆ ಅಡಿ ಮೇಲೆ ಬರೀ ಮೂವತ್ತೆಂಟೂವರೆ. ತ್ರಿಕೋನಕ್ಕಿಂತ ರಾಶಿ ಬೇಗ ಕುಗ್ಗುತ್ತದೆ. ಅದಕ್ಕೇ ಅರ್ಧಕ್ಕಿಂತ ಕಡಿಮೆ ಬರುತ್ತದೆ.

ಕಡಿಮೆ ಸರಿ, ಕರಾರುವಾಕ್ಕಾಗಿ ಮೂರನೇ ಒಂದೇ ಯಾಕೆ? ರಾಶಿಯನ್ನು ಒಂದೇ ದಪ್ಪದ ಹತ್ತು ಪದರಗಳಾಗಿ ಅಡ್ಡ ಕೊಯ್ದ ಹಾಗೆ ಊಹಿಸಿ. ಮೇಲಿನ ಪದರದ ಅಗಲ 1 ಅಂತ ಇಟ್ಟುಕೊಂಡರೆ ಅದರ ಕೆಳಗಿನದು 2, ಆಮೇಲೆ 3, ಹೀಗೆ ಬುಡದ ಪದರ 10. ವಿಸ್ತೀರ್ಣಗಳು 1, 4, 9, 16 ಹೀಗೆ ಹೋಗಿ ಕೊನೆಯದು 100. ಎಲ್ಲ ಕೂಡಿದರೆ 385. ರಾಶಿ ಕುಗ್ಗದೆ ಬುಡದಷ್ಟೇ ಅಗಲವಾಗಿ ಸಿಲಿಂಡರಿನ ಹಾಗೆ ನಿಂತಿದ್ದರೆ ಹತ್ತು ನೂರು, ಅಂದರೆ ಸಾವಿರ ಆಗುತ್ತಿತ್ತು. ಸಾವಿರಕ್ಕೆ 385. ಪ್ರತಿ ಪದರವನ್ನೂ ಅದರ ಅಗಲವಾದ ತಳದಿಂದಲೇ ಅಳೆದದ್ದಕ್ಕೆ ಸ್ವಲ್ಪ ಜಾಸ್ತಿ ಬಂದಿದೆ. ನೂರು ಪದರ ಮಾಡಿ ಕೂಡಿದರೆ ಸಾವಿರಕ್ಕೆ 338 ಬರುತ್ತದೆ. ಸಾವಿರ ಪದರ ಮಾಡಿದರೆ 333.8. ಪದರ ತೆಳುವಾದಷ್ಟೂ ಅದು ಮೂರನೇ ಒಂದರ ಹತ್ತಿರ ಹತ್ತಿರ ಬರುತ್ತದೆ, ಆದರೆ ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ತ್ರಿಕೋನಕ್ಕೂ ಇದೇ ಆಟ ಆಡಿ ನೋಡಿ. 1, 2, 3 ಹೀಗೆ 10ರವರೆಗೆ ಕೂಡಿದರೆ 55, ನೂರಕ್ಕೆ 55. ಅದು ಅರ್ಧದ ಕಡೆ ಹೋಗುತ್ತದೆ. ಸಂಖ್ಯೆಗಳನ್ನು ಸುಮ್ನೆ ಕೂಡಿದರೆ ಅರ್ಧ, ವರ್ಗಗಳನ್ನು ಕೂಡಿದರೆ ಮೂರನೇ ಒಂದು. ನೀವೂ ಮಗಳೂ ಕೂತು ಒಮ್ಮೆ ಕೈಯಾರೆ ಕೂಡಿ. ಆ 385 ನಿಮ್ಮ ಕಣ್ಣೆದುರೇ ಬಂದಾಗ ಆಗುವ ಸಂತೋಷ ಸೂತ್ರ ಓದಿದರೆ ಬರುವುದಿಲ್ಲ.

ಕಣ್ಣಿಂದ ನೋಡಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಮಗಳಿಗೆ ರಟ್ಟಿನಲ್ಲಿ ಒಂದೇ ಅಳತೆಯ ಮೂರು ಗೋಪುರ ಮಾಡಲು ಹೇಳಿ. ಪಾದ ಚೌಕ, ತುದಿ ಮಾತ್ರ ನಡುವೆ ಬೇಡ, ಚೌಕದ ಒಂದು ಮೂಲೆಯ ನೇರ ಮೇಲೆ ಇರಲಿ. ಎತ್ತರ ಚೌಕದ ಬದಿಯಷ್ಟೇ ಇರಲಿ. ಮೂರರ ತುದಿಗಳನ್ನೂ ಒಂದೇ ಕಡೆ ತಂದು ಹೊಂದಿಸಿದರೆ ಸಂದೇ ಇಲ್ಲದ ಹಾಗೆ ಒಂದು ಘನ ಆಗುತ್ತದೆ. ಮೂರು ಸಮ ತುಂಡು, ಒಂದು ಘನ. ಅಂದ ಮೇಲೆ ಒಂದು ತುಂಡು ಮೂರನೇ ಒಂದು ಪಾಲು.

ನಮ್ಮ ರಾಶಿಯ ತುದಿ ಮೂಲೆಯ ಮೇಲಿಲ್ಲ, ನಡುವೆ ಇದೆಯಲ್ಲ ಅಂತ ಮಗಳು ಕೇಳಿದರೆ ಖುಷಿಪಡಿ, ಒಳ್ಳೆಯ ಪ್ರಶ್ನೆ ಅದು. ಜೋಳದ ರೊಟ್ಟಿ ಒಂದರ ಮೇಲೊಂದು ಪೇರಿಸಿಟ್ಟಿದ್ದೀರಿ ಅಂದುಕೊಳ್ಳಿ. ಆ ಸಾಲನ್ನು ಒಂದು ಕಡೆಗೆ ಓರೆಯಾಗುವಂತೆ ತಳ್ಳಿದರೆ ಆಕಾರ ವಾಲುತ್ತದೆ, ರೊಟ್ಟಿ ಮಾತ್ರ ಅಷ್ಟೇ ಇರುತ್ತದೆ. ಪ್ರತಿ ಎತ್ತರದಲ್ಲೂ ಅಡ್ಡ ಕೊಯ್ದ ವಿಸ್ತೀರ್ಣ ಒಂದೇ ಇದ್ದರೆ ಘನಫಲವೂ ಒಂದೇ. ಈ ಮಾತನ್ನು 1635ರಲ್ಲಿ ಇಟಲಿಯ ಕವಲಿಯೇರಿ ನಿಯಮವಾಗಿ ಇಟ್ಟರು, ಅದಕ್ಕೆ ಅವರ ಹೆಸರೇ ಉಳಿದಿದೆ. ಹಾಗಾಗಿ ತುದಿ ಮೂಲೆಯಲ್ಲಿರಲಿ, ನಡುವೆ ಇರಲಿ, ಪಾದದ ಆಚೆಗೇ ವಾಲಿರಲಿ, ವ್ಯತ್ಯಾಸ ಆಗುವುದಿಲ್ಲ. ಪಾದ ಚೌಕವೋ ದುಂಡೋ ಅನ್ನುವುದೂ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬೇಕಾದ ಎತ್ತರ ನೇರ ಎತ್ತರ ಮಾತ್ರ, ಓರೆ ಎತ್ತರ ಅಲ್ಲ. ಇದನ್ನು ಒತ್ತಿ ಹೇಳಲು ಕಾರಣ ಇದೆ, ಅಳತೆಯ ವಿಷಯಕ್ಕೆ ಬಂದಾಗ ಮತ್ತೆ ಹೇಳುತ್ತೇನೆ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಪಾದದ ವಿಸ್ತೀರ್ಣ ಮತ್ತು ಎತ್ತರ ಎರಡೇ ಗೊತ್ತಿದ್ದರೆ ಘನಫಲ ಗೊತ್ತಾಗುವುದಿಲ್ಲ. ಬುಡದಿಂದ ತುದಿಗೆ ಹೋಗುವಾಗ ಅಡ್ಡ ವಿಸ್ತೀರ್ಣ ಹೇಗೆ ಬದಲಾಗುತ್ತದೆ ಅನ್ನುವುದೂ ಗೊತ್ತಾಗಬೇಕು. ನಮ್ಮ ಶಾಲೆಗಳಲ್ಲಿ ಸಿಲಿಂಡರಿಗೆ ಒಂದು ಸೂತ್ರ, ಶಂಕುವಿಗೆ (ನಿಮ್ಮ ರಾಶಿಯ ಆಕಾರ) ಒಂದು, ಗೋಳಕ್ಕೆ ಒಂದು, ಭಿನ್ನಕಕ್ಕೆ (ತುದಿ ಕೊಯ್ದ ಶಂಕು) ಒಂದು ಅಂತ ಬಿಡಿಬಿಡಿಯಾಗಿ ಕೊಡುತ್ತಾರೆ. ಮಕ್ಕಳು ಹೆದರುವುದು ಅಲ್ಲೇ. ಎಲ್ಲಕ್ಕೂ ಸಲ್ಲುವ ಒಂದು ನಿಯಮ ಇದೆ. ಬುಡದ ವಿಸ್ತೀರ್ಣ ಬರೆದುಕೊಳ್ಳಿ. ನಟ್ಟನಡುವಿನ, ಅಂದರೆ ಅರ್ಧ ಎತ್ತರದ ವಿಸ್ತೀರ್ಣವನ್ನು ನಾಲ್ಕು ಪಟ್ಟು ಮಾಡಿ ಅದಕ್ಕೆ ಕೂಡಿ. ತುದಿಯ ವಿಸ್ತೀರ್ಣವನ್ನೂ ಕೂಡಿ. ಬಂದದ್ದನ್ನು ಆರರಿಂದ ಭಾಗಿಸಿ, ಎತ್ತರದಿಂದ ಗುಣಿಸಿ. ಅಷ್ಟೇ.

ಪರೀಕ್ಷೆ ಮಾಡೋಣ. ಬುಡ 1 ಅಂತ ಹಿಡಿಯಿರಿ. ಸಿಲಿಂಡರಿನಲ್ಲಿ ನಡುವೆಯೂ 1, ಮೇಲೂ 1. 1, 4, 1 ಕೂಡಿದರೆ ಆರು, ಆರರಿಂದ ಭಾಗಿಸಿದರೆ 1. ಪೂರ್ತಿ. ರಾಶಿಯಲ್ಲಿ ನಡುವೆ ಕಾಲು, ನಾಲ್ಕು ಕಾಲು ಅಂದರೆ 1, ತುದಿಯಲ್ಲಿ ಸೊನ್ನೆ. ಒಟ್ಟು 2, ಆರರಿಂದ ಭಾಗಿಸಿದರೆ ಮೂರನೇ ಒಂದು. ಅರ್ಧಗೋಳದಲ್ಲಿ, ಅಂದರೆ ಬೋರಲು ಹಾಕಿದ ದುಂಡು ಬಟ್ಟಲಲ್ಲಿ, ಅರ್ಧ ಎತ್ತರದಲ್ಲೂ ವಿಸ್ತೀರ್ಣ ಮುಕ್ಕಾಲು ಉಳಿದಿರುತ್ತದೆ. ನಾಲ್ಕು ಮುಕ್ಕಾಲು 3, ಬುಡದ 1 ಸೇರಿ 4, ಆರರಿಂದ ಭಾಗಿಸಿದರೆ ಮೂರನೇ ಎರಡು. ಒಂದೇ ಪಾದ, ಒಂದೇ ಎತ್ತರ ಇರುವ ಶಂಕು, ಅರ್ಧಗೋಳ, ಸಿಲಿಂಡರ್ ಮೂರೂ 1, 2, 3ರ ಪ್ರಮಾಣದಲ್ಲಿ ನಿಲ್ಲುತ್ತವೆ. ಇದಕ್ಕಿಂತ ಚೆಂದದ ಸಂಬಂಧ ರೇಖಾಗಣಿತದಲ್ಲಿ ನನಗೆ ಕಂಡಿಲ್ಲ. ಸಿಲಿಂಡರಿನೊಳಗೆ ಸರಿಯಾಗಿ ಕೂರುವ ಗೋಳ ಅದರ ಮೂರನೇ ಎರಡು ಭಾಗ ಅಂತ ತೋರಿಸಿದ್ದು ಆರ್ಕಿಮಿಡಿಸ್. ತಾನು ಮಾಡಿದ ಎಲ್ಲದರಲ್ಲಿ ಇದನ್ನೇ ತನ್ನ ಸಮಾಧಿಯ ಮೇಲೆ ಗುರುತಾಗಿ ಇಡಲು ಹೇಳಿದ್ದನಂತೆ. ಕ್ರಿ.ಪೂ. 75ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ರೋಮಿನ ಸಿಸೆರೊ ಪೊದೆಗಳ ನಡುವೆ ಆ ಸಮಾಧಿಯನ್ನು ಗುರುತು ಹಿಡಿದದ್ದು ಮೇಲಿದ್ದ ಗೋಳ ಮತ್ತು ಸಿಲಿಂಡರ್ ನೋಡಿಯೇ.

ಒಂದು ವಿಷಯದಲ್ಲಿ ನಿಮ್ಮ ಅರ್ಧಕ್ಕೂ ಜಾಗ ಇದೆ. ಮಾಲು ಜಾಸ್ತಿ ಇದ್ದಾಗ ದುಂಡು ರಾಶಿ ಹಾಕದೆ ಉದ್ದಕ್ಕೆ, ಮನೆಯ ಸೂರಿನ ಹಾಗೆ ಹಾಕುತ್ತಾರಲ್ಲ, ಅಲ್ಲಿ ಉದ್ದ ಕುಗ್ಗುವುದಿಲ್ಲ, ಅಗಲ ಮಾತ್ರ ಕುಗ್ಗುತ್ತದೆ. ನಡುವಿನ ವಿಸ್ತೀರ್ಣ ಅರ್ಧ. 1, 2, 0 ಕೂಡಿ 3, ಆರರಿಂದ ಭಾಗಿಸಿದರೆ ಅರ್ಧ. ಆದರೆ ಎರಡು ತುದಿಗಳಲ್ಲಿ ಅರ್ಧರ್ಧ ಶಂಕು ಇರುತ್ತದೆ, ಅವೆರಡೂ ಸೇರಿ ಒಂದು ಶಂಕು, ಅದಕ್ಕೆ ಮೂರನೇ ಒಂದು. 14 ಅಡಿ ಅಗಲ, 3 ಅಡಿ ಎತ್ತರ, ಮೇಲಿನ ಏಣು 20 ಅಡಿ ಉದ್ದ ಇದ್ದರೆ ನಡುವಿನ ಭಾಗ 420 ಘನ ಅಡಿ, ತುದಿಗಳದು 154. ಒಟ್ಟು 574, ಸುಮಾರು 115 ಕ್ವಿಂಟಾಲ್.

ಈಗ ಹೊಂಡ. ತೋಡಿದವರು ಮೇಲಿನ 144 ಮತ್ತು ತಳದ 36 ಕೂಡಿ ಅರ್ಧ ಮಾಡಿದ್ದಾರೆ, 90. ಅದನ್ನು 3 ಮೀಟರ್ ಆಳದಿಂದ ಗುಣಿಸಿ 270. ಮಗಳು ಬದಿಗಳ ಸರಾಸರಿ 9 ತೆಗೆದುಕೊಂಡು 9 ಇಂಟು 9 ಇಂಟು 3 ಮಾಡಿದ್ದಾಳೆ, 243. ನಮ್ಮ ನಿಯಮ ಹಾಕಿ. ಮೇಲೆ 144, ನಡುವೆ 81ರ ನಾಲ್ಕು ಪಟ್ಟು 324, ತಳ 36. ಒಟ್ಟು 504. ಆರರಿಂದ ಭಾಗಿಸಿದರೆ 84, ಮೂರರಿಂದ ಗುಣಿಸಿದರೆ 252. ವಿಸ್ತೀರ್ಣಗಳ ಸರಾಸರಿ ತೆಗೆದರೆ ಯಾವಾಗಲೂ ಜಾಸ್ತಿ ಬರುತ್ತದೆ, ಬದಿಗಳ ಸರಾಸರಿ ತೆಗೆದರೆ ಯಾವಾಗಲೂ ಕಡಿಮೆ. ನಿಮಗೆ 18 ಘನ ಮೀಟರಿನ ಹಣ ಹೆಚ್ಚಿಗೆ ಹೋಗುತ್ತಿದೆ. ಅವರು ಬೇಕಂತ ಮಾಡಿದ್ದು ಅಂತ ನಾನು ಹೇಳುವುದಿಲ್ಲ. ಸರಾಸರಿ ತೆಗೆಯುವುದು ಎಲ್ಲೆಡೆ ರೂಢಿಯಲ್ಲಿದೆ, ಇಳಿಜಾರು ಕಡಿಮೆ ಇದ್ದಾಗ ತಪ್ಪೂ ಸಣ್ಣದೇ. ನಿಮ್ಮ ಹೊಂಡದಲ್ಲಿ ತಳದ ಬದಿ ಮೇಲಿನ ಬದಿಯ ಅರ್ಧ, ಅದಕ್ಕೆ ವ್ಯತ್ಯಾಸ ಎದ್ದು ಕಾಣುತ್ತಿದೆ. ಲೆಕ್ಕ ತೋರಿಸಿ ಮಾತಾಡಿ.

ತೋರಿಸಲು ಇನ್ನೂ ಸುಲಭದ ದಾರಿಯೂ ಇದೆ, ಅದು ಬ್ರಹ್ಮಗುಪ್ತರದೇ. ಅವರು ಈ ಎರಡು ಲೆಕ್ಕಗಳನ್ನೂ ಬಲ್ಲವರಾಗಿದ್ದರು. ಮಗಳ ಲೆಕ್ಕ ವ್ಯಾವಹಾರಿಕ, ತೋಡಿದವರದು ಸ್ಥೂಲ. ಎರಡರ ವ್ಯತ್ಯಾಸ ತೆಗೆದು, ಮೂರರಿಂದ ಭಾಗಿಸಿ, ಸಣ್ಣದಕ್ಕೆ ಕೂಡಿದರೆ ಸೂಕ್ಷ್ಮ ಲೆಕ್ಕ ಅಂತ ಅವರ ಮಾತು. 270ರಲ್ಲಿ 243 ಕಳೆದರೆ 27, ಮೂರರಿಂದ ಭಾಗಿಸಿದರೆ 9, 243ಕ್ಕೆ ಕೂಡಿದರೆ 252. ಎಳ್ಳಷ್ಟೂ ಆಚೀಚೆ ಇಲ್ಲ! ಸುಮಾರು ಇನ್ನೂರು ವರ್ಷಗಳ ನಂತರ, 9ನೇ ಶತಮಾನದಲ್ಲಿ, ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿ ಗ್ರಂಥ ಆರಂಭಿಸಿದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಹೊಂಡ ತೋಡುವ ಲೆಕ್ಕಕ್ಕೆಂದೇ ಒಂದು ಅಧ್ಯಾಯ ಬರೆದು ಇದೇ ರೀತಿಯನ್ನು ಕೊಟ್ಟಿದ್ದಾರೆ. ಕನ್ನಡ ನಾಡಿನ ಮಣ್ಣಿಗೆ ಈ ಲೆಕ್ಕ ಹೊಸದಲ್ಲ. ಹೊಂಡ ತುಂಬಿದರೆ ನೀರು 2,52,000 ಲೀಟರ್.

ರಾಶಿಯ ಲೆಕ್ಕಕ್ಕೂ ಹಳೆಯ ಸುಲಭ ದಾರಿ ಇದೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಧಾನ್ಯದ ರಾಶಿಗೆ ಪ್ರತ್ಯೇಕ ಭಾಗವನ್ನೇ ಇಟ್ಟಿದ್ದಾರೆ. ಸುತ್ತಳತೆಯನ್ನು ಆರರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ. ತ್ರಿಜ್ಯ ಬೇಡ, ಪೈ ಬೇಡ, ಒಂದು ಹಗ್ಗ ಸಾಕು. ನಿಮ್ಮ ರಾಶಿಗೆ ಹಾಕಿದರೆ ಸುಮಾರು 161 ಘನ ಅಡಿ ಬರುತ್ತದೆ. ಪೈಯನ್ನು 3 ಅಂತ ಹಿಡಿದದ್ದರಿಂದ ನೂರಕ್ಕೆ ಐದರಷ್ಟು ಜಾಸ್ತಿ, ಕಣದಲ್ಲಿ ನಿಂತು ಮಾಡುವ ಅಂದಾಜಿಗೆ ಏನೂ ತೊಂದರೆ ಇಲ್ಲ. ಎತ್ತರ ಅಳೆಯಲು ಆಗದಿದ್ದರೆ ದಪ್ಪ ಕಾಳಿಗೆ ಸುತ್ತಳತೆಯ ಹತ್ತನೇ ಒಂದು, ಸಣ್ಣ ಕಾಳಿಗೆ ಹನ್ನೊಂದನೇ ಒಂದು, ಭತ್ತದಂಥ ಮೊನೆ ಇರುವ ಧಾನ್ಯಕ್ಕೆ ಒಂಬತ್ತನೇ ಒಂದು ಅಂತಲೂ ಅವರು ಹೇಳಿದ್ದಾರೆ. ಮೊನೆ ಇರುವ ಕಾಳು ಒಂದಕ್ಕೊಂದು ಸಿಕ್ಕಿಕೊಂಡು ಕಡಿದಾಗಿ ನಿಲ್ಲುತ್ತದೆ, ಎಷ್ಟು ಸರಿಯಾಗಿ ಗಮನಿಸಿದ್ದಾರೆ ನೋಡಿ. ಆದರೆ ಒಣ ಮೆಕ್ಕೆಜೋಳಕ್ಕೆ ಈ ಹತ್ತನೇ ಒಂದನ್ನು ಹಾಕಬೇಡಿ. ಅದರ ಕಾಳು ನುಣುಪು, ಜಾರುತ್ತದೆ. ಇಳಿಜಾರು 23 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗಾಗಿ ಎತ್ತರ ಸುತ್ತಳತೆಯ ಹದಿನೈದನೇ ಒಂದರಷ್ಟು. ನಿಮ್ಮ 44 ಅಡಿಗೆ 3 ಅಡಿ ಸರಿಹೊಂದುತ್ತದೆ, ಅಳತೆ ಚೆನ್ನಾಗಿಯೇ ಮಾಡಿದ್ದೀರಿ.

ಇಳಿಜಾರು ಬದಲಾಗುವುದಿಲ್ಲ ಅನ್ನುವುದರಿಂದ ಇನ್ನೊಂದು ವಿಷಯ ಹೊರಡುತ್ತದೆ. ರಾಶಿ ಎತ್ತರ ಆಗಬೇಕಾದರೆ ಬುಡವೂ ಅಗಲ ಆಗಲೇಬೇಕು. ಎತ್ತರ ಎರಡು ಪಟ್ಟಾದರೆ ಬುಡದ ವಿಸ್ತೀರ್ಣ ನಾಲ್ಕು ಪಟ್ಟು, ಘನಫಲ ಎಂಟು ಪಟ್ಟು. ಎಪಿಎಂಸಿ ಅಂಗಳದಲ್ಲಿ ನಿಮ್ಮ 3 ಅಡಿಯ ರಾಶಿಯ ಪಕ್ಕ ಇನ್ನೊಬ್ಬರ 4 ಅಡಿಯ ರಾಶಿ ಇದ್ದರೆ ಕಣ್ಣಿಗೆ ಸ್ವಲ್ಪ ದೊಡ್ಡದು ಅನ್ನಿಸುತ್ತದೆ. ಅದರಲ್ಲಿ ಇರುವುದು ನಿಮ್ಮದರ ಎರಡೂಕಾಲು ಪಟ್ಟಿಗೂ ಜಾಸ್ತಿ ಮಾಲು.

ಇದನ್ನೇ ತಲೆಕೆಳಗು ಮಾಡಿದರೆ ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ. ಮಾರಿಕಣಿವೆ ಅಂತಲೂ ಕರೆಯುವ ಈ ಜಲಾಶಯ ತುಂಬಿದರೆ 130 ಅಡಿ, ನೀರು ಸುಮಾರು 30 ಟಿಎಂಸಿ. 65 ಅಡಿ ಇದೆ ಅಂತ ಪೇಪರಿನಲ್ಲಿ ಓದಿದವರು ಅರ್ಧ ತುಂಬಿದೆ ಅಂದುಕೊಳ್ಳುತ್ತಾರೆ. ಕಣಿವೆ ನೇರ ಬದಿಯ ತಲೆಕೆಳಗಾದ ಗೋಪುರವೇ ಆಗಿದ್ದರೆ ಆಗ ಇರುವುದು ಎಂಟನೇ ಒಂದು ಪಾಲು ನೀರು! ನಿಜವಾದ ಕಣಿವೆ ಅಷ್ಟು ಒಪ್ಪವಾಗಿ ಇರುವುದಿಲ್ಲ, ಅದಕ್ಕೇ ಜಲಾಶಯಗಳಿಗೆ ಯಾವ ಮಟ್ಟಕ್ಕೆ ಎಷ್ಟು ನೀರು ಅನ್ನುವ ಕೋಷ್ಟಕ ಮಾಡಿಟ್ಟಿರುತ್ತಾರೆ. ಆದರೂ ಮೇಲಿನ ಒಂದು ಅಡಿಯ ನೀರು ತಳದ ಒಂದು ಅಡಿಯ ನೀರಿಗಿಂತ ಎಷ್ಟೋ ಪಾಲು ಹೆಚ್ಚು ಅನ್ನುವುದು ಎಲ್ಲ ಕೆರೆಗೂ ಸಲ್ಲುತ್ತದೆ. ನಿಮ್ಮ ಹೊಂಡಕ್ಕೂ ಅಷ್ಟೇ. ಒಂದೂವರೆ ಮೀಟರ್ ನೀರು ನಿಂತರೆ ಅರ್ಧ ಹೊಂಡ ಅಲ್ಲ, ಸುಮಾರು 85 ಘನ ಮೀಟರ್, ಮೂರನೇ ಒಂದು ಪಾಲು.

ಕೊನೆಗೆ ಅಳತೆ. ಹೆಚ್ಚಿನವರು ಟೇಪನ್ನು ರಾಶಿಯ ಮೈಮೇಲೆ ಹಾಸಿ ತುದಿಯವರೆಗೆ ಅಳೆಯುತ್ತಾರೆ. ಅದು ಓರೆ ಎತ್ತರ. ನಿಮ್ಮ ರಾಶಿಯಲ್ಲಿ ಅದು ಏಳೂವರೆ ಅಡಿಗಿಂತ ಜಾಸ್ತಿ ಬರುತ್ತದೆ. ಅದನ್ನೇ ಎತ್ತರ ಅಂತ ಹಾಕಿದರೆ ಲೆಕ್ಕ ಎರಡೂವರೆ ಪಟ್ಟು ಉಬ್ಬುತ್ತದೆ. ತೆಳ್ಳಗಿನ ಕಬ್ಬಿಣದ ಸರಳನ್ನು ತುದಿಯಿಂದ ನೆಲ ಮುಟ್ಟುವವರೆಗೆ ನೇರ ಇಳಿಸಿ, ಎಲ್ಲಿಯವರೆಗೆ ಮುಳುಗಿತು ಅಂತ ನೋಡಿ. ಕೆಳಗೆ ಟಾರ್ಪಲ್ ಹಾಸಿದ್ದರೆ ಅದು ತೂತಾದೀತು. ಆಗ ರಾಶಿಯ ಅಂಚಿನಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪಿನಿಂದ ತುದಿಯ ಮಟ್ಟವನ್ನು ಕೋಲಿನ ಮೇಲೆ ಗುರುತು ಮಾಡಿ. ರಾಶಿ ಪೂರ್ತಿ ದುಂಡಗಿಲ್ಲದಿದ್ದರೆ ಸುತ್ತಳತೆಯಿಂದ ಮಾಡಿದ ಲೆಕ್ಕ ಸ್ವಲ್ಪ ಜಾಸ್ತಿಯೇ ಬರುತ್ತದೆ. ಒಂದೇ ಸುತ್ತಳತೆಯಲ್ಲಿ ಅತಿ ಹೆಚ್ಚು ಜಾಗ ಹಿಡಿಯುವುದು ವೃತ್ತವೇ.

ಇನ್ನೂ ಬಿಡಿಸದ ತೆನೆಯ ರಾಶಿಯಾದರೆ ಬೆಂಡು ಮತ್ತು ಸಂದು ಜಾಗ ತಿನ್ನುತ್ತವೆ. ಘನ ಅಡಿಗೆ 20 ಕೆಜಿ ಬದಲು ಸುಮಾರು 10 ಕೆಜಿ ಕಾಳು ಅಂತ ಹಿಡಿಯಿರಿ. ಹಸಿ ಇದ್ದರೆ ತೂಕ ಬೇರೆಯೇ ಬರುತ್ತದೆ. ಅದಕ್ಕೆ ನನ್ನ 20ನ್ನೇ ನಂಬಿ ಕೂರಬೇಡಿ. ಒಳಗಡೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ ಇರುವ ಡಬ್ಬ ಮಾಡಿಸಿ. ನಿಮ್ಮದೇ ಕಾಳು ತುಂಬಿ, ಅದುಮದೆ, ಮೇಲೆ ಪಟ್ಟಿ ಎಳೆದು ಸಮ ಮಾಡಿ ತೂಗಿ. ಎಷ್ಟು ಕೆಜಿ ಬರುತ್ತದೋ ಅದನ್ನು 154ರಿಂದ ಗುಣಿಸಿ.